ನಡು ಗಟ್ಟಿಯಿದ್ದ ಹುಡುಗಿ

ಬಸವಕಲ್ಯಾಣದ ಒಂದು ಕಾಲೇಜಿನ ದೈಹಿಕ ಶಿಕ್ಷಕರು ಹುಮನಾಬಾದಿನ ನನ್ನ ಕ್ಲಿನಿಕ್ಕಿಗೆ ಬಂದದ್ದು ತಮ್ಮ ಮೊಣಕಾಲು ತೋರಿಸಲಿಕ್ಕೆ. ತೋರಿಸಿ, ಪಟ್ಟಿ ಕಟ್ಟಿಸಿಕೊಂಡು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಮಾತು ತೆಗೆದರು.

“ನನ್ನ ಕಾಲ ಹೋದ್ರ ಹೋಗ್ಲಿ ಮೇಡಂ. ನಮ್ಮ ಖೋ-ಖೋ ಹುಡಗ್ಯಾರ ಕಾಲ ನೋಡ್ರಿ ಜರಾ. ಒಬ್ಬಾಕಿ ಮೊಣಕಾಲ ಹಿಡಕೊಂಡು ಕೂಡ್ತಾಳ, ಇನ್ನೊಬ್ಬಾಕಿ ಪಾದ ಹೊಳ್ಳಿಸ್ಕೋತಾಳ. ಯೂನಿವರ್ಸಿಟಿ ಸೆಲೆಕ್ಷನ್ ಮುಂದ ಅದ. ನನಗ ಫಿಕರ್ ಹತ್ತೇದ.”

ನಾನು ಫಿಸಿಯೋಥೆರಪಿಸ್ಟ್. ನಮ್ಮ ಕಡೆ ಹಾಗೆಂದರೆ ಅರ್ಧ ಜನಕ್ಕೆ ತಿಳಿಯುವುದಿಲ್ಲ. ಕೆಲವರು ‘ಕಸರತ್ ಡಾಕ್ಟರ್’ ಅನ್ನುತ್ತಾರೆ. ‘ಮಾಲೀಷ್ ಮೇಡಂ’ ಅಂದವರು ನನ್ನಿಂದ ಸರಿಯಾಗಿ ಬೈಸಿಕೊಂಡು ಹೋಗಿದ್ದಾರೆ. ಹಾಗಾಗಿ ಒಬ್ಬ ಶಿಕ್ಷಕರು ತಾವಾಗಿಯೇ ಕರೆದಾಗ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ವಾರಕ್ಕೆ ಎರಡು ಸಂಜೆ ಬಸ್ಸು ಹತ್ತಿ ಬರುತ್ತೇನೆಂದು ಒಪ್ಪಿಕೊಂಡೆ.

ಮೊದಲ ಸಂಜೆ ಹುಡುಗಿಯರನ್ನು ಓಡಿಸಲೇ ಇಲ್ಲ. ಧ್ವಜಕಟ್ಟೆಯ ಮೆಟ್ಟಿಲ ಮೇಲೆ ಒಬ್ಬೊಬ್ಬಳನ್ನೇ ಒಂಟಿಗಾಲಲ್ಲಿ ನಿಲ್ಲಿಸಿ, ಇನ್ನೊಂದು ಕಾಲಿನ ಹಿಮ್ಮಡಿ ಕೆಳಗಿನ ನೆಲಕ್ಕೆ ತಾಗುವ ತನಕ ನಿಧಾನವಾಗಿ ಕುಗ್ಗು ಎಂದೆ. ಗಾಳಿಯಂತೆ ಓಡುವ ಹುಡುಗಿಯರು, ಒಂದು ಮೆಟ್ಟಿಲು ಇಳಿಯಲಾರದೆ ತೂರಾಡಿದರು. ಸೊಂಟ ಒಂದು ಕಡೆ ಜೋಲುತ್ತಿತ್ತು, ಮೊಣಕಾಲು ಒಳಕ್ಕೆ ಬಾಗುತ್ತಿತ್ತು, ಪಾದ ಚಪ್ಪಟೆಯಾಗುತ್ತಿತ್ತು. ಖೋ-ಖೋದಲ್ಲಿ ಕೂತವರು ಒಮ್ಮೆಲೇ ಎದ್ದು ಓಡಬೇಕು, ಕಂಬ ಹಿಡಿದು ಗರಕ್ಕನೆ ತಿರುಗಬೇಕು, ಮೈಚಾಚಿ ಹಾರಬೇಕು. ನಡು ಭದ್ರವಿಲ್ಲದಿದ್ದರೆ ಆ ತಿರುವಿನ ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ನೋವು ಮೊಣಕಾಲಿನದು, ತಪ್ಪು ಹೊಟ್ಟೆ ಬೆನ್ನು ಸೊಂಟದ್ದು. ಇದನ್ನು ನಾನು ಹೇಳಿದಾಗ ಸರ್ ಮುಖ ಹುಳ್ಳಗೆ ಮಾಡಿದರು. ಕಾಲು ಗಟ್ಟಿಯಾಗಲಿ ಎಂದು ಅವರು ಗರಸು ನೆಲದ ಮೇಲೆ ಕಪ್ಪೆ ಜಿಗಿತ ಹಾಕಿಸುತ್ತಿದ್ದರು. ಅದನ್ನು ಆ ಕ್ಷಣದಿಂದ ನಿಲ್ಲಿಸಿ ಅಂದೆ. ಒಂದು ಸಣ್ಣ ಜಗಳವೇ ಆಯಿತು.

ಅವತ್ತು ತೂರಾಡದೆ ಇಳಿದವಳು ಒಬ್ಬಳೇ, ಕೊಹಿನೂರದ ಹುಡುಗಿ. ರೈತರ ಮನೆ, ಚಿಕ್ಕಂದಿನಿಂದ ತಲೆಯ ಮೇಲೆ ಕೊಡ, ಮೇವಿನ ಹೊರೆ ಹೊತ್ತವಳು. ಒಂಟಿಗಾಲಲ್ಲಿ ಕಣ್ಣು ಮುಚ್ಚಿ ನಿಲ್ಲಿಸಿದರೂ ನೆಟ್ಟ ಗೂಟ. ಮೊಣಕೈ ಊರಿ, ಮೈಯನ್ನು ಹಲಗೆಯ ಹಾಗೆ ನೇರವಾಗಿ ಎತ್ತಿ ಹಿಡಿಯುವ ಪ್ಲ್ಯಾಂಕ್ ಮಾಡಿಸಿದಾಗ ಉಳಿದವರೆಲ್ಲ ಒಬ್ಬೊಬ್ಬರೇ ಕುಸಿದುಬಿದ್ದರು. ಇವಳು ಮಾತ್ರ ಹಾಗೇ ಇದ್ದುಕೊಂಡು ಪಕ್ಕದವಳನ್ನು ಛೇಡಿಸುತ್ತಿದ್ದಳು.

“ಏ, ಇನ್ನಾ ಎಣಸೂದ ಸುರು ಆಗಿಲ್ಲ, ನೀ ಆಗಲೇ ಚಾಪಿ ಹಾಸಿದಿ!”

ಪಕ್ಕದವಳು ರಾಜೇಶ್ವರದವಳು, ಇವಳ ಜೀವದ ಗೆಳತಿ. ಕೂಲಿಗೆ ಹೋಗುವ ತಾಯಿಯ ಒಬ್ಬಳೇ ಮಗಳು. ಆಟದಲ್ಲಿ ಚುರುಕು, ನನ್ನ ಕಸರತ್ತಿನಲ್ಲಿ ಎಲ್ಲರಿಗಿಂತ ಹಿಂದೆ. ಬಿದ್ದಲ್ಲೇ ಬಿದ್ದುಕೊಂಡು ನಗುವವಳು.

ಕಾರ್ಯಕ್ರಮ ಸರಳವಾಗಿತ್ತು. ಅಂಗಾತ ಮಲಗಿ ಸೊಂಟ ಎತ್ತಿ ಹಿಡಿಯುವುದು. ಬೆನ್ನು ನೆಲಕ್ಕೆ ಒತ್ತಿ, ಬಲಗೈ ಎಡಗಾಲು, ಎಡಗೈ ಬಲಗಾಲು ಚಾಚುವುದು. ಕೊನೆಗೆ ಕಟ್ಟೆಯಿಂದ ಜಿಗಿದು ಇಳಿಯುವುದು. ಇಳಿಯುವಾಗ ಒಂದೇ ಷರತ್ತು, ಸಪ್ಪಳ ಕೇಳಬಾರದು. ನಾನು ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ. ಧಪ್ಪೆಂದರೆ ಮತ್ತೆ ಜಿಗಿಯಬೇಕು. ತಿಂಗಳು ಕಳೆಯುವಷ್ಟರಲ್ಲಿ ಸಪ್ಪಳ ಕಡಿಮೆಯಾಯಿತು, ಮೊಣಕಾಲುಗಳು ನೇರವಾದವು, ಪಟ್ಟಿ ಕಟ್ಟಿಕೊಂಡು ಬರುತ್ತಿದ್ದವರು ಪಟ್ಟಿ ಬಿಚ್ಚಿದರು. ಹೊಟ್ಟೆ ಬೆನ್ನು ಸೊಂಟಕ್ಕೆ ಕೂಡಿ ನಾನು ಬಳಸುತ್ತಿದ್ದ ‘ಕೋರ್’ ಎಂಬ ಶಬ್ದವೂ ಹುಡುಗಿಯರ ಬಾಯಿಗೆ ಬಂತು. ಯಾರಾದರೂ ಎಡವಿದರೆ ಸಾಕು, “ನಿಂದು ಕೋರ್ ವೀಕ್ ಅದ” ಎಂದು ಹಾಸ್ಯ ಮಾಡುತ್ತಿದ್ದರು. ಸರ್ ಕೂಡ ಅದನ್ನೇ ಹಿಡಿದರು.

ಅದೇ ಹೊತ್ತಿಗೆ ಕೊಹಿನೂರದ ಹುಡುಗಿ ಹಿಂದೆ ಬೀಳತೊಡಗಿದಳು. ಎಲ್ಲರಿಗಿಂತ ಹೆಚ್ಚು ಹೊತ್ತು ಪ್ಲ್ಯಾಂಕ್ ಹಿಡಿಯುತ್ತಿದ್ದವಳು ನಡುಗಿ ನೆಲಕ್ಕೆ ಬರುತ್ತಿದ್ದಳು. ಕಟ್ಟೆಯಿಂದ ಇಳಿದರೆ ಅವಳದೇ ಸಪ್ಪಳ. ಮೆಟ್ಟಿಲ ಪರೀಕ್ಷೆಯಲ್ಲಿ ಎಡ ಮೊಣಕಾಲು ಒಳಕ್ಕೆ ಬಾಗಿತು. ಇಲ್ಲದ ಶಕ್ತಿ ಬರುವುದನ್ನು ನಾನು ದಿನವೂ ನೋಡುತ್ತೇನೆ, ಅದರಿಂದಲೇ ನನ್ನ ಹೊಟ್ಟೆ ತುಂಬುತ್ತದೆ. ಇದ್ದ ಶಕ್ತಿ, ಕಸರತ್ತು ಮಾಡುತ್ತಿರುವಾಗಲೇ ಹೋಗುವುದೆಂದರೆ ಏನು? ಅವಳನ್ನು ಪಕ್ಕಕ್ಕೆ ಕರೆದು ಕೇಳಿದೆ.

“ಬೆನ್ನ ಸೆಳೀತದ್ರಿ. ರಾತ್ರಿ ನಿದ್ದಿ ಬರಂಗಿಲ್ಲ.”

“ಜ್ವರ?”

“ಸಂಜೀಕ ಜರಾ ಮೈ ಬಿಸಿ ಆಗ್ತದ. ಓಡಿರ್ತೀನಲ್ರಿ ಮೇಡಂ, ಅದಕ.”

ಅವಳ ಟೀ ಶರ್ಟು ಹೆಗಲಿನಿಂದ ಜಾರುವಷ್ಟು ಸಡಿಲವಾಗಿತ್ತು. ಮಲಗಿದರೆ ಸ್ನಾಯುವಿನ ನೋವು ಇಳಿಯಬೇಕು, ರಾತ್ರಿ ಏರುವ ನೋವು ಒಳ್ಳೆಯದಲ್ಲ. ನಾನು ಅವಳ ಕಸರತ್ತು ನಿಲ್ಲಿಸಿದೆ. ರಕ್ತ ಪರೀಕ್ಷೆ ಮಾಡಿಸಿ, ಬೆನ್ನಿನ ಫೋಟೋ ತೆಗೆಸಿ, ದೊಡ್ಡ ಡಾಕ್ಟರಿಗೆ ತೋರಿಸಿ ಎಂದು ಸರ್‌ಗೆ ಹೇಳಿದೆ. ಅವರು ಎಕ್ಸ್‌ರೇ ಒಂದನ್ನೇ ತೆಗೆಸಿದರು. ಅದರಲ್ಲಿ ಏನೂ ಕಾಣಲಿಲ್ಲ. ಮೊದಮೊದಲು ಕಾಣುವುದೂ ಇಲ್ಲ, ಮೂಳೆ ಸಾಕಷ್ಟು ಸವೆದ ಮೇಲೆಯೇ ಫೋಟೋದಲ್ಲಿ ಗೊತ್ತಾಗುವುದು. ಎಷ್ಟು ಹೇಳಿದರೂ ಸರ್ ಕಿವಿಗೆ ಹೋಗಲಿಲ್ಲ.

“ಏನೂ ಇಲ್ಲ ಅಂದ್ರಲ್ರಿ! ಕೋರ್ ವೀಕ್ ಆಗೇದ, ಅಷ್ಟ. ನೀವೇ ಅಲ್ಲೇನ್ರಿ ಹೇಳಿಕೊಟ್ಟವರು?”

ನಾನು ಕಲಿಸಿದ ಮಾತನ್ನೇ ನನ್ನ ಬಾಯಿಗೆ ತುರುಕಿದರು.

ಮುಂದಿನ ವಾರ ಹುಲಸೂರಿನಲ್ಲಿ ಒಂದು ಅಭ್ಯಾಸ ಪಂದ್ಯವಿತ್ತು. ಅವಳನ್ನು ಆಡಿಸುವುದಿಲ್ಲ ಎಂದು ಸರ್ ಹೇಳಿದ್ದರಿಂದ ನಾನು ನಿಶ್ಚಿಂತೆಯಾಗಿ ಹೋದೆ. ಹೋಗಿ ನೋಡಿದರೆ ಶಾಮಿಯಾನದ ಹಿಂದೆ ಹುಡುಗಿಯರು ಗುಂಪುಗೂಡಿದ್ದರು. ನಡುವೆ ಟವೆಲ್ಲಿನ ಮೇಲೆ ಕೊಹಿನೂರದವಳು ಬೋರಲು ಮಲಗಿದ್ದಳು. ಅವಳ ಬೆನ್ನ ಮೇಲೆ ರಾಜೇಶ್ವರದವಳ ಎಡಗಾಲು. ಒತ್ತಿ, ಎತ್ತಿ, ಮತ್ತೆ ಒದ್ದ ಹಾಗೆ ಒತ್ತುತ್ತಿದ್ದಳು.

“ಏ! ತೆಗೀ ಕಾಲ! ಬುದ್ಧಿ ಅದನೋ ಇಲ್ಲೋ?”

ಅವಳು ಬೆಚ್ಚಿ ಕಾಲು ತೆಗೆದಳು. “ಮೇಡಂ, ನಾ ಕಾಲ ಮುಂದಾಗಿ ಹುಟ್ಟೀನ್ರಿ,” ಎಂದಳು, ಅದರಲ್ಲೇ ಎಲ್ಲ ಉತ್ತರವೂ ಇದೆ ಎನ್ನುವಂತೆ.

ನಮ್ಮ ಕಡೆ ಅದು ಉತ್ತರವೇ. ಹೆರಿಗೆಯಲ್ಲಿ ತಲೆಯ ಬದಲು ಕಾಲು ಮೊದಲು ಬಂದು ಹುಟ್ಟಿದವರು ಬೆನ್ನಿಗೆ ಕಾಲು ಹಚ್ಚಿದರೆ ಚಳಕು, ಅಂದರೆ ಬೆನ್ನು ಹಿಡಿದುಕೊಂಡ ನೋವು, ಬಿಡುತ್ತದೆ ಎಂಬ ನಂಬಿಕೆ. ಓಣಿಗೊಬ್ಬರು ಇಂಥವರು ಇರುತ್ತಾರೆ. ಬೆಳಿಗ್ಗೆ ಬಾಗಿಲಲ್ಲಿ ಟೊಂಕ ಹಿಡಿದುಕೊಂಡ ಜನ ನಿಂತಿರುತ್ತಾರೆ. ಕ್ಲಿನಿಕ್ಕಿನಲ್ಲಿ ನಾನು ಈ ಸುದ್ದಿ ಕೇಳಿ ನಕ್ಕು ಸುಮ್ಮನಾಗುತ್ತಿದ್ದೆ. ಸಾದಾ ಚಳಕು ಒಂದು ವಾರದಲ್ಲಿ ತಾನೇ ಹೋಗುತ್ತದೆ, ಹೆಸರು ಕಾಲಿಗೆ ಬರಲಿ ಬಿಡು ಅಂತ. ಅವತ್ತು ನಗು ಬರಲಿಲ್ಲ.

ಕೊಹಿನೂರದವಳನ್ನು ಅಂಗಾತ ಮಲಗಿಸಿದೆ. ಮೊಣಕಾಲಿನ ಕೆಳಗೆ ನನ್ನ ಚೀಲದ ರಬ್ಬರ್ ಸುತ್ತಿಗೆಯಿಂದ ಮೆಲ್ಲನೆ ಬಡಿದರೆ ಕಾಲು ಒದ್ದುಕೊಂಡಿತು, ಬೇಕಾದದ್ದಕ್ಕಿಂತ ಬಹಳ ಜೋರಾಗಿ. ಎಡ ಪಾದವನ್ನು ಒಮ್ಮೆಲೇ ಮೇಲಕ್ಕೊತ್ತಿ ಹಿಡಿದೆ. ಅದು ನನ್ನ ಅಂಗೈಯಲ್ಲಿ ತನ್ನಷ್ಟಕ್ಕೆ ಟಕಟಕ ಬಡಿಯತೊಡಗಿತು, ನಿಲ್ಲಲೇ ಇಲ್ಲ. ಹುಡುಗಿಯರು ನಕ್ಕರು. ಪಾದ ಹಾಗೆ ಬಡಿದುಕೊಂಡರೆ ತೊಂದರೆ ಕಾಲಿನದಲ್ಲ, ಸೊಂಟದ ಸ್ನಾಯುವಿನದೂ ಅಲ್ಲ. ಬೆನ್ನುಹುರಿಯನ್ನು ಏನೋ ಒತ್ತುತ್ತಿದೆ. ಹೊರಳಿಸಿ ಬೆನ್ನುಮೂಳೆಯ ಮೇಲೆ ಒಂದೊಂದೇ ಗಂಟನ್ನು ಬೆರಳಿನಿಂದ ತಟ್ಟುತ್ತ ಬಂದೆ. ಭುಜದೆಲುಬಿನ ಕೆಳಗೆ ಒಂದು ಜಾಗದಲ್ಲಿ ಅವಳು ಚೀರಿದಳು. ಅಲ್ಲಿ ಬೆರಳಿಗೆ ಸಣ್ಣ ಉಬ್ಬು ಸಿಕ್ಕಿತು. ಗೆಳತಿಯ ಕಾಲು ಇದ್ದದ್ದು ಅಲ್ಲೇ.

ಸರ್ ಹತ್ತಿರ ಓಡಿದೆ. ಇವಳನ್ನು ಇಳಿಸಬೇಡಿ, ಇವತ್ತೇ ಬೀದರಿನ ದೊಡ್ಡ ಆಸ್ಪತ್ರೆಗೆ ಒಯ್ಯೋಣ ಎಂದೆ. “ಒಂದ ಪಾಳಿ ಮೇಡಂ, ಸೆಲೆಕ್ಟರ್ ಬಂದು ಕೂತಾರ,” ಎಂದರು. ಹುಡುಗಿಯೂ ನನ್ನ ಮಾತು ಕೇಳದೆ ಎದ್ದು ಓಡಿದಳು. ಆಟವನ್ನೂ ಆಡಿದಳು, ಒಬ್ಬಳನ್ನು ಮುಟ್ಟಿ ಔಟೂ ಮಾಡಿದಳು. ಪಾಳಿ ಮುಗಿಸಿ, ನೀರು ಕುಡಿಯಲಿಕ್ಕೆ ನಡೆದು ಬರುವಾಗ ಎಡಗಾಲಿನ ಬೆರಳು ನೆಲಕ್ಕೆ ತೊಡರಿ ಮುಗ್ಗರಿಸಿ ಬಿದ್ದಳು. ಸಪಾಟು ನೆಲದ ಮೇಲೆ. ಸರ್ ಬಾಯಿಂದ ಆಮೇಲೆ ‘ಕೋರ್’ ಎಂಬ ಶಬ್ದ ಬರಲಿಲ್ಲ.

ಮರುದಿನ ನಾನೂ ಸರ್ ಕೂಡಿ ಕೊಹಿನೂರಕ್ಕೆ ಹೋದೆವು. ತಾಯಿ ಚಹಾ ಕೊಟ್ಟರು, ಮಾತೆಲ್ಲ ಕೇಳಿಸಿಕೊಂಡರು, ಕೊನೆಗೆ ತಲೆ ಅಲ್ಲಾಡಿಸಿದರು.

“ದೊಡ್ಡ ದವಾಖಾನ್ಯಾಗ ಬೆನ್ನ ಕೊಯ್ತಾರ್ರಿ ಡಾಕ್ಟರ್ ಬಾಯಿ. ನಮ್ಮ ಭಾವ ಹಂಗೇ ಹೋಗಿ ಹಾಸಗಿ ಹಿಡದಾರ, ಎದ್ದೇ ಇಲ್ಲ. ಇದು ಚಳಕ. ಆ ರಾಜೇಶ್ವರದ ಪೋರಿ ಕಾಲ ಇಟ್ರ ಆರಾಮ ಅನಸ್ತದ ಅಂತಾಳ ನಮ್ಮಾಕಿ. ಇನ್ನೊಂದೆರಡ ಸಲ ಹಚ್ಚಿಸ್ತೀವಿ, ಹೋಗ್ತದ.”

“ಇನ್ನೊಂದ ಸಲ ಹಚ್ಚಿಸಿದ್ರ ನಿಮ್ಮ ಮಗಳು ಏಳಂಗಿಲ್ರಿ!” ಎಂದು ನಾನು ಕೂಗಿಬಿಟ್ಟೆ.

ಕೂಗಬಾರದಿತ್ತು. ತಾಯಿಯ ಮುಖ ಬಿಗಿಯಿತು. “ಹೊತ್ತ ಮುಳುಗೂ ವ್ಯಾಳ್ಯಾಕ ಹಂಗ ಅನಬ್ಯಾಡ್ರಿ,” ಎಂದು ಎದ್ದು ಒಳಗೆ ಹೋದರು. ಎರಡು ದಿನ ಬಿಟ್ಟು ಒಬ್ಬಳೇ ಹೋದೆ. ಈ ಸಲ ಚಹಾ ಕೂಡ ಸಿಗಲಿಲ್ಲ. ಹುಡುಗಿ ಗೋಡೆ ಹಿಡಿದು ನಡೆಯುತ್ತಿದ್ದಳು, ನನ್ನನ್ನು ನೋಡಿ ಗೋಡೆ ಬಿಟ್ಟು ನಿಲ್ಲಲು ನೋಡಿದಳು.

ಹಿಂತಿರುಗುವಾಗ ಬಸ್ಸಿನಲ್ಲಿ ಒಂದೇ ಯೋಚನೆ. ನನ್ನ ಪದವಿಯ ಮಾತು ಆ ಮನೆಯಲ್ಲಿ ನಡೆಯುವುದಿಲ್ಲ. ನಡೆಯುವುದು ಒಂದು ಕಾಲಿನ ಮಾತು. ಸರಿ, ಹಾಗಿದ್ದರೆ ಆ ಕಾಲೇ ಹೇಳಲಿ. ಹುಮನಾಬಾದಿಗೆ ಟಿಕೆಟ್ ತೆಗೆದಿದ್ದವಳು ರಾಜೇಶ್ವರದಲ್ಲೇ ಇಳಿದುಬಿಟ್ಟೆ.

ಬುದ್ಧವಿಹಾರದ ಓಣಿಯಲ್ಲಿ ಗೆಳತಿಯ ಮನೆ. ತಾಯಿ ಇನ್ನೂ ಕೂಲಿಯಿಂದ ಬಂದಿರಲಿಲ್ಲ, ಹುಡುಗಿ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಮುಂದೆಯೇ ಕೂತು ಎಲ್ಲ ಬಿಡಿಸಿ ಹೇಳಿದೆ. ಬೆನ್ನಿನ ಮೂಳೆ ಒಳಗೇ ಕೊಳೆಯುತ್ತಿರಬಹುದು, ಒಳಗಿನ ಹುರಿಗೆ ಪೆಟ್ಟಾದರೆ ಎರಡೂ ಕಾಲು ಹೋಗುತ್ತವೆ ಅಂತ. ಅವಳ ಕೈ ನಿಂತಿತು.

“ಅಂದ್ರ ನಾ ಕಾಲ ಇಟ್ಟದ್ದಕ್ಕ ಆಗ್ಯಾದೇನ್ರಿ ಮೇಡಂ?”

“ರೋಗ ನೀ ತಂದದ್ದಲ್ಲ. ಈಗ ಆ ಮಾತು ಬಿಡು. ನನ್ನ ಮಾತ ಆಕೀ ಅವ್ವ ಕೇಳವಲ್ರು, ನಿನ್ನ ಮಾತ ಕೇಳ್ತಾರ. ನನ್ನ ಕಾಲಿಂದ ಇದು ಹೋಗಂಗಿಲ್ಲ ಅಂತ ನೀನೇ ಹೇಳಬೇಕು.”

ತವೆಯ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ಅವಳು ಅದನ್ನು ತೆಗೆದಿಟ್ಟು, ಒಲೆ ಆರಿಸಿ, ಕೈ ತೊಳೆದುಕೊಂಡು ಬಂದಳು. “ನಡೀರಿ,” ಎಂದಳು.

ಕೊಹಿನೂರದಲ್ಲಿ ಅವಳು ಹೊಸ್ತಿಲ ಹತ್ತಿರವೇ ನಿಂತು ಒಂದೇ ಉಸಿರಿಗೆ ಹೇಳಿದಳು. “ಮಾವಶಿ, ಇದು ಚಳಕ ಅಲ್ಲ. ನನ್ನ ಕಾಲಿಗೆ ಇದು ಬಗ್ಗಂಗಿಲ್ಲ. ನಾ ಇನ್ನ ಕಾಲ ಹಚ್ಚಂಗಿಲ್ಲ. ದವಾಖಾನಿಗೆ ಒಯ್ರಿ.”

ತಾಯಿ ಅವಳನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಬೀದರಿಗೆ ಎಷ್ಟೊತ್ತಿಗೆ ಹೋಗಬೇಕ್ರಿ?” ಎಂದರು. ಅಷ್ಟೇ! ಎರಡು ಸಲ ಗಂಟಲು ಹರಿದುಕೊಂಡಿದ್ದೆ ನಾನು.

ಬೆಳಿಗ್ಗೆ ಜೀಪು ಹತ್ತಿಸುವಾಗ ಹುಡುಗಿಗೆ ಎಡಗಾಲು ಎತ್ತಲಾಗಲಿಲ್ಲ, ಬಲಗಾಲು ನಡುಗುತ್ತಿತ್ತು. ಸ್ಕ್ಯಾನ್ ಆಯಿತು. ಬೆನ್ನುಮೂಳೆಯ ಕ್ಷಯ. ಪಕ್ಕಪಕ್ಕದ ಎರಡು ಮೂಳೆ ತಿಂದುಹೋಗಿ ಕುಸಿದಿದ್ದವು, ಕೀವು ತುಂಬಿ ಬೆನ್ನುಹುರಿಯನ್ನು ಅದುಮಿತ್ತು. ಅಲ್ಲಿಂದ ಸೊಲ್ಲಾಪುರಕ್ಕೆ ಕಳಿಸಿದರು, ಆಪರೇಷನ್ ಆಯಿತು, ರಾಡು ಹಾಕಿದರು, ದೀರ್ಘಕಾಲದ ಮಾತ್ರೆ ಶುರುವಾಯಿತು. ಅಷ್ಟರಲ್ಲಿ ಸೊಂಟದ ಕೆಳಗಿನದೆಲ್ಲ ಸೋತುಹೋಗಿತ್ತು. ಆ ಒದೆತದಿಂದ ಮೂಳೆ ಕುಸಿಯಿತೇ ಎಂದು ನಾನು ಅಲ್ಲಿನ ಸರ್ಜನ್‌ರನ್ನು ಕೇಳಿದೆ. ಅದಿಲ್ಲದಿದ್ದರೂ ಕುಸಿಯುತ್ತಿತ್ತೇನೋ, ಅದರಿಂದಲೇ ಬೇಗ ಕುಸಿಯಿತೇನೋ, ಯಾರೂ ಹೇಳಲಾರರು ಎಂದರು. ಕಾಲುಗಳ ಬಗ್ಗೆಯೂ ಅವರದು ಅದೇ ಉತ್ತರ. ಕೆಲವರಿಗೆ ತಿಂಗಳುಗಳ ಮೇಲೆ ಶಕ್ತಿ ಮರಳುತ್ತದೆ, ಕೆಲವರಿಗೆ ಇಲ್ಲ. ಮರಳುವುದಾದರೆ ಮೊದಲು ಸ್ಪರ್ಶ ಬರಬಹುದು, ಅದನ್ನು ನೋಡುತ್ತಿರಿ ಎಂದರು.

ಡಾಕ್ಟರಿಗೆ ಗೊತ್ತಿಲ್ಲದ್ದು ಊರಿಗೆ ಚೆನ್ನಾಗಿ ಗೊತ್ತಿತ್ತು. ‘ನನ್ನ ಕಾಲಿಂದ ಹೋಗಂಗಿಲ್ಲ’ ಎಂದು ಆ ಹುಡುಗಿಯೇ ಬಂದು ಒಪ್ಪಿಕೊಂಡಳಲ್ಲ! ಒದ್ದು ಬೆನ್ನು ಮುರಿದಳು, ಹೆದರಿ ಬಂದು ಬಾಯಿಬಿಟ್ಟಳು ಎಂದರು. ಬೇಕಾದಾಗ ಕರೆಕರೆದು ಬೆನ್ನಿಗೆ ಹಚ್ಚಿಸಿಕೊಂಡ ಕಾಲು ಈಗ ‘ಆ ಓಣಿ ಪೋರಿ ಕಾಲು’ ಆಯಿತು. ರಾಜೇಶ್ವರದಲ್ಲೂ ಅವಳ ಮನೆ ಮುಂದೆ ಬೆಳಿಗ್ಗೆ ಯಾರೂ ನಿಲ್ಲುತ್ತಿರಲಿಲ್ಲ. ಅವಳು ಮೈದಾನಕ್ಕೆ ಬರುವುದನ್ನು ಬಿಟ್ಟಳು, ಆಮೇಲೆ ಕಾಲೇಜನ್ನೂ. ಅವಳನ್ನು ಆ ಹೊಸ್ತಿಲಿಗೆ ಕರೆತಂದವಳು ನಾನು. ಅಂಥ ಹೊತ್ತು ಮತ್ತೆ ಬಂದರೆ ಮತ್ತೆ ಹಾಗೇ ಮಾಡುತ್ತೇನೆ, ಇನ್ನೊಂದು ದಿನ ತಡವಾಗಿದ್ದರೆ ಏನಾಗುತ್ತಿತ್ತೋ. ಆದರೆ ಅದರ ಬೆಲೆ ತೆತ್ತವಳು ನಾನಲ್ಲ.

ಈಗ ವಾರದ ಆ ಎರಡು ಸಂಜೆ ಕೊಹಿನೂರಕ್ಕೆ ಹೋಗುತ್ತೇನೆ. ಕೆಲಸ ಅದೇ, ನಡುವಿನ ಭದ್ರತೆ. ಮಂಚದ ಅಂಚಿಗೆ ಕೂರಿಸಿ, ಪಾದಗಳನ್ನು ಗಿಡ್ಡ ಮಣೆಯ ಮೇಲಿಟ್ಟು, ಕೈ ಊರದೆ ಕೂರುವುದನ್ನು ಕಲಿಸಬೇಕು. ಮೊದಮೊದಲು ಕೈ ಎತ್ತಿದರೆ ಸಾಕು, ಮೂಟೆಯ ಹಾಗೆ ಉರುಳುತ್ತಿದ್ದಳು. ನಾನು ಹಿಂದೆ ಕೂತು ಬೆನ್ನು ಹಿಡಿದರೆ ಮುಂದೆ ಪಾದಗಳು ಸೆಟೆದು ಮಣೆಯಿಂದ ಜಾರುತ್ತವೆ. ಪಾದ ಹಿಡಿದರೆ ಬೆನ್ನಿಗೆ ಯಾರೂ ಇಲ್ಲ. ತಾಯಿಯ ಕೈ ನಡುಗುತ್ತದೆ, ಅವರಿಂದ ಆಗುವುದಿಲ್ಲ. ಆದರೂ ಹೋದ ವಾರ ಅವರೇ ಬಾಗಿಲಿಗೆ ಬಂದು ನನ್ನ ಕೈ ಹಿಡಿದುಕೊಂಡರು.

“ಬಾಯಿ, ಸ್ಪರ್ಶ ಬರಾಕತ್ತದ! ಕಾಲ ಮುಟ್ಟಿದ್ರ ತಿಳೀತದಂತ!”

ಹುಡುಗಿ ಮಂಚದಿಂದಲೇ ಹೌದೆಂದು ತಲೆಯಾಡಿಸಿದಳು. ಬೆರಳು ಮುಟ್ಟಿ ಕೇಳಿದೆ. “ಹೆಬ್ಬೆರಳ,” ಎಂದಳು. ಹಿಮ್ಮಡಿ ಮುಟ್ಟಿದೆ. “ಹಿಮ್ಮಡ,” ಎಂದಳು. ಎಲ್ಲ ಸರಿ. ನನ್ನ ಕೈಯನ್ನೇ ನೋಡುತ್ತಿದ್ದಳು. ಕಣ್ಣು ಮುಚ್ಚು ಎನ್ನಬೇಕಿತ್ತು. ತಾಯಿ ಪಕ್ಕದಲ್ಲೇ ನಿಂತು ಕೈ ಮುಗಿಯುತ್ತಿದ್ದರು. ಇವತ್ತು ಬೇಡ ಎಂದುಕೊಂಡೆ.

“ಮೇಡಂ, ಆಕೀನ ಕರಕೊಂಡ ಬರ್ರಿ,” ಎಂದಳು ಹುಡುಗಿ. “ಫೋನ್ ಹಚ್ಚಿದ್ರ ಎತ್ತವಲ್ಲಳು.”

ತಾಯಿ ಬೇಡ ಅನ್ನಲಿಲ್ಲ.

ನಿನ್ನೆ ರಾಜೇಶ್ವರದಲ್ಲಿ ಇಳಿದೆ. ಗೆಳತಿ ಬರುವುದಿಲ್ಲ ಎಂದು ಅತ್ತಳು, ತಾಯಿಯ ಹಿಂದೆ ಅಡಗಿದಳು, ಕೊನೆಗೆ ಮೋರೆ ತೊಳೆದುಕೊಂಡು ಹೊರಟಳು. ಕೊಹಿನೂರದ ಮನೆಯಲ್ಲಿ ತಾಯಿ ಅವಳಿಗೆ ನೀರಿನ ತಂಬಿಗೆ ಕೊಟ್ಟರು.

“ಎಲ್ಲಿ ಸತ್ತಿದ್ದೆಲೇ ಇಷ್ಟ ದಿನ?” ಎಂದು ಮಂಚದ ಮೇಲಿಂದ ಗದರಿಸಿದಳು ಇವಳು, ಕಣ್ಣಲ್ಲಿ ನೀರು ತುಂಬಿಕೊಂಡೇ. “ಮೇಡಂ ಒಬ್ರಿಗೇ ಆಗವಲ್ದು. ಬಾ, ಕೆಳಗ ಕುಂಡ್ರು. ಹಿಮ್ಮಡ ಒತ್ತಿ ಹಿಡಿ, ಸರೀತಾವ.”

ಅವಳು ಮಣೆಯ ಮುಂದೆ ನೆಲಕ್ಕೆ ಕೂತು ಎರಡೂ ಹಿಮ್ಮಡಿಗಳನ್ನು ಎರಡೂ ಕೈಯಿಂದ ಹಿಡಿದಳು. ನಾನು ಹಿಂದೆ ಕೂತೆ. ಕೆಳಗೆ ನೋಡಬೇಡ, ಎದುರಿನ ಗೋಡೆ ನೋಡು, ಈಗ ಕೈ ಎತ್ತು ಎಂದೆ. ಹುಡುಗಿ ಗೋಡೆ ನೋಡುತ್ತ ಮೊದಲು ಒಂದು ಕೈ ಎತ್ತಿದಳು, ಆಮೇಲೆ ಇನ್ನೊಂದು. ಬೆನ್ನು ಥರಥರ ನಡುಗಿತು, ಬೀಳಲಿಲ್ಲ. ಎರಡೂ ಕೈ ಗಾಳಿಯಲ್ಲಿ ಚಾಚಿ ಕೂತೇ ಇದ್ದಳು. ಅಷ್ಟು ಹೊತ್ತು ಅವಳು ಎಂದೂ ಕೂತಿರಲಿಲ್ಲ. ತಾಯಿ ಸೆರಗು ಬಾಯಿಗೆ ಹಚ್ಚಿಕೊಂಡರು. ಕೆಳಗೆ ಗೆಳತಿಯ ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು, ಅಷ್ಟು ಬಿಗಿಯಾಗಿ ಹಿಡಿದಿದ್ದಳು.

“ಏ ಪೋರಿ,” ಎಂದಳು ಹುಡುಗಿ, ಗೋಡೆಯ ಮೇಲಿನ ಕಣ್ಣು ಕದಲಿಸದೆ, ಖುಷಿಯಲ್ಲಿ. “ಹಿಮ್ಮಡ ಹಿಡಿ ಈಗ. ಎಷ್ಟೊತ್ತ ಸುಮ್ಮ ಕುಂಡ್ರತಿ?”

ಗೆಳತಿ ಕತ್ತೆತ್ತಿ ನನ್ನ ಮುಖ ನೋಡಿದಳು.

“ಹಾಂ, ಈಗ ಹಿಡೀತೀನಿ,” ಎಂದಳು.